ಬೋರ್ಡಿನಲ್ಲಿ ‘ವೈನ್ಸ್’, ಒಳಗೆ ಕ್ವಾರ್ಟರ್: 750 ರೂಪಾಯಿ ಬಾಟಲಿಯ ರಾಜಕಾರಣ

ನಮ್ಮ ಏರಿಯಾದ ಮುಖ್ಯರಸ್ತೆಯಲ್ಲಿ ಅರ್ಧ ಕಿಲೋಮೀಟರಿಗೆ ಮೂರು ‘ವೈನ್ಸ್’ ಇವೆ. ಬೋರ್ಡಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಅದೇ ಪದ. ಕಳೆದ ತಿಂಗಳು ಒಂದು ಶನಿವಾರ, ರಾತ್ರಿ ಊಟಕ್ಕೆ ಗೆಳತಿಯರು ಬರುವವರಿದ್ದರು ಅಂತ, ಅದರಲ್ಲೊಂದಕ್ಕೆ ಹೋಗಿ “ಅಣ್ಣ, ವೈನ್ ಯಾವ್ಯಾವ್ದಿದೆ?” ಅಂತ ಕೇಳಿದೆ. ಗ್ರಿಲ್ ಹಿಂದೆ ನಿಂತಿದ್ದಾತ ಕೈಯಲ್ಲಿದ್ದ ಕ್ವಾರ್ಟರನ್ನು ಪಕ್ಕದವರಿಗೆ ಕೊಟ್ಟು, ನನ್ನ ಕಡೆ ತಿರುಗಿ, “ಗಿಫ್ಟ್ ಕೊಡೋಕಾ ಮೇಡಂ?” ಅಂದ.

ಅಲ್ಲ, ಕುಡಿಯೋಕೆ ಅಂದೆ. ಆತ ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಸ್ಟೂಲ್ ಹಾಕಿಕೊಂಡು ಮೇಲಿನ ಶೆಲ್ಫಿನಿಂದ ನಾಲ್ಕು ಬಾಟಲಿ ಇಳಿಸಿ, ಬಟ್ಟೆಯಲ್ಲಿ ಧೂಳು ಒರೆಸಿ ಸಾಲಾಗಿ ಇಟ್ಟ. ಎಷ್ಟೋ ತಿಂಗಳಿಂದ ಟ್ಯೂಬ್‌ಲೈಟಿನ ಪಕ್ಕದಲ್ಲೇ ನಿಂತಿದ್ದ ಬಾಟಲಿಗಳು. ಮುಟ್ಟಿದರೆ ಬೆಚ್ಚಗಿದ್ದವು. ವೈನ್ ಹೆಸರಿನ ಅಂಗಡಿಯಲ್ಲಿ ವೈನೇ ಪರದೇಶಿ.

ಮನೆಯಲ್ಲಿ ಊಟದ ಜೊತೆ ಒಂದು ಗ್ಲಾಸು, ತಿಂಗಳ ಖರ್ಚಿಗೆ ಹೊರೆಯಾಗದ ಒಂದು ಬಾಟಲಿ. ಆಸೆ ಇಷ್ಟೇ. ಆದರೆ ಅದರ ಬೆನ್ನು ಹತ್ತಿ ಹೋದರೆ ನಮ್ಮ ರಾಜ್ಯದ ಅಬಕಾರಿ ಲೆಕ್ಕ, ದ್ರಾಕ್ಷಿ ಬೆಳೆಗಾರರ ಪಾಡು, ಯಾರ ಕುಡಿತಕ್ಕೆ ಮರ್ಯಾದೆ ಯಾರ ಕುಡಿತಕ್ಕೆ ಬೈಗುಳ ಅನ್ನೋ ಪ್ರಶ್ನೆ, ಎಲ್ಲ ಒಟ್ಟಿಗೇ ಸಿಗುತ್ತವೆ. ಕಮ್ಮಿ ದುಡ್ಡಿಗೆ ಒಳ್ಳೆಯ ವೈನ್ ಹೇಗೆ ಆರಿಸಬೇಕು ಅಂತ ಈ ಬರಹದಲ್ಲಿ ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು, ‘ಅಗ್ಗ’ ಅಂದರೆ ಯಾರಿಗೆ ಅಗ್ಗ ಅಂತ ಕೇಳಿಕೊಳ್ಳಬೇಕು.

ಎರಡು ದಿನದ ಕೂಲಿ

ನಾನು ಆ ದಿನ ತಂದ ಬಾಟಲಿ 750 ಎಂಎಲ್, ಬೆಲೆ 750 ರೂಪಾಯಿ. ನಾಲ್ಕು ಜನ ಹಂಚಿಕೊಂಡರೆ ತಲೆಗೆ 190 ರೂಪಾಯಿಯೂ ಆಗಲ್ಲ. ಇದೇ ಬೆಂಗಳೂರಿನ ಎಷ್ಟೋ ರೆಸ್ಟೋರೆಂಟುಗಳಲ್ಲಿ ಒಂದು ಗ್ಲಾಸಿಗೇ ಅದರ ದುಪ್ಪಟ್ಟು ಕೇಳುತ್ತಾರೆ. ಹಾಗಾಗಿ ತಿಂಗಳ ಸಂಬಳದ ನಮ್ಮಂಥವರಿಗೆ ಇದು ಅಗ್ಗದ ವೈನ್.

ಆದರೆ 2025-26ನೇ ಸಾಲಿಗೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ನಾನು ‘ಅಗ್ಗ’ ಅಂತ ತಂದ ಬಾಟಲಿ ಒಬ್ಬ ಕೂಲಿಕಾರನ ಎರಡು ದಿನದ ದುಡಿಮೆ. ಆತ ಸಂಜೆ ‘ವೈನ್ಸ್’ ಮುಂದೆ ನಿಂತು ವೈನ್ ಕೇಳಲ್ಲ, ಕ್ವಾರ್ಟರ್ ಕೇಳುತ್ತಾನೆ. ಅದು ಬರೀ ರುಚಿಯ ವಿಷಯ ಅಲ್ಲ, ಲೆಕ್ಕದ ವಿಷಯ.

ಲೆಕ್ಕ ನೋಡಿ. ವೈನಿನಲ್ಲಿ ಆಲ್ಕೋಹಾಲ್ ಸುಮಾರು ಶೇ 13. ಒಂದು ಬಾಟಲಿಯಲ್ಲಿ ಅಪ್ಪಟ ಆಲ್ಕೋಹಾಲ್ 97 ಎಂಎಲ್ ಚಿಲ್ಲರೆ. ವಿಸ್ಕಿ, ಬ್ರಾಂಡಿ, ರಮ್‌ನಲ್ಲಿ ಶೇ 42.8. ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಎಂಎಲ್‌ನಲ್ಲಿ, 77 ಎಂಎಲ್. ತೀರಾ ಅಗ್ಗದ ಕ್ವಾರ್ಟರಿಗೆ ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. ಒಂದು ಎಂಎಲ್ ಆಲ್ಕೋಹಾಲಿಗೆ ಕ್ವಾರ್ಟರಿನವನು ಕೊಡೋದು 1 ರೂಪಾಯಿ 30 ಪೈಸೆ, ವೈನಿನವಳು ಕೊಡೋದು 7 ರೂಪಾಯಿ 70 ಪೈಸೆ. ಸುಮಾರು ಆರು ಪಟ್ಟು. ಮೈಕೈ ನೋವು ಮರೆತು ನಿದ್ದೆ ಬಂದರೆ ಸಾಕು ಅನ್ನುವವನಿಗೆ ಯಾವುದು ಲಾಭ ಅಂತ ಅರ್ಥಶಾಸ್ತ್ರದ ಮೇಷ್ಟ್ರು ಬಂದು ಹೇಳಬೇಕಿಲ್ಲ.

ಈ ಬೆಲೆ ಆಕಾಶದಿಂದ ಉದುರಿದ್ದಲ್ಲ. ಕುಡಿಯುವ ಮದ್ಯ ಜಿಎಸ್‌ಟಿಯಿಂದ ಹೊರಗಿದೆ, ತೆರಿಗೆ ಹಾಕೋದು ರಾಜ್ಯ. ಕರ್ನಾಟಕದಲ್ಲಿ 2003ರಿಂದ ಸಗಟು ವ್ಯಾಪಾರವೂ ಸರ್ಕಾರಿ ನಿಗಮದ ಕೈಯಲ್ಲೇ ಇದೆ. 2025-26ರಲ್ಲಿ ವಿಸ್ಕಿ ಬ್ರಾಂಡಿಗಳಿಗೆ ತೆರಿಗೆ ನಿರ್ಧಾರ ಆಗುತ್ತಿದ್ದದ್ದು ಬೆಲೆಯ ಸ್ಲ್ಯಾಬ್ ಮೇಲೆ. ಮೊದಲು 18 ಸ್ಲ್ಯಾಬ್ ಇದ್ದವು, 2024ರಲ್ಲಿ 16 ಆದವು. ಬಾಟಲಿಯೊಳಗೆ ಎಷ್ಟು ಆಲ್ಕೋಹಾಲ್ ಇದೆ ಅನ್ನೋದಕ್ಕಿಂತ ಅದನ್ನು ಎಷ್ಟು ಬೆಲೆಗೆ ಮಾರುತ್ತಾರೆ ಅನ್ನೋದೇ ಅಲ್ಲಿ ಮುಖ್ಯವಾಗಿತ್ತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಅದರಲ್ಲಿ ನಮ್ಮ ಶನಿವಾರದ ವೈನ್ ಬಾಟಲಿಯ ಪಾಲು ಲೆಕ್ಕಕ್ಕೇ ಬರಲ್ಲ. ಖಜಾನೆಯ ಈ ಕಂಬ ನಿಂತಿರೋದು ಕ್ವಾರ್ಟರಿನ ಮೇಲೆ. ನಾವು ಹೆಮ್ಮೆಯಿಂದ ಸಮರ್ಥಿಸುವ ಗ್ಯಾರಂಟಿ ಯೋಜನೆಗಳೂ ಇದೇ ಖಜಾನೆಯಿಂದ ಬರುತ್ತವೆ. ಅವನ್ನು ನಾನೂ ಸಮರ್ಥಿಸುತ್ತೇನೆ. ಆದರೆ ಮನೆಯ ಗಂಡಸಿನಿಂದ ಸಂಜೆ ಕಿತ್ತುಕೊಂಡದ್ದನ್ನೇ ತಿಂಗಳ ಕೊನೆಗೆ ಹೆಂಗಸಿನ ಖಾತೆಗೆ ಹಾಕಿದಂತೆ ಆಗುತ್ತಿಲ್ಲವಾ ಅನ್ನೋ ಪ್ರಶ್ನೆಯನ್ನು ಬಿಜೆಪಿಯವರು ಕೇಳುತ್ತಾರೆ ಅನ್ನೋ ಒಂದೇ ಕಾರಣಕ್ಕೆ ನಾವು ಕೇಳದೇ ಇರೋಕಾಗಲ್ಲ. ಬಿಜೆಪಿ ಸರ್ಕಾರ ಇದ್ದಾಗಲೂ ಖಜಾನೆ ನಿಂತಿದ್ದು ಇದೇ ಕಂಬದ ಮೇಲೆ.

2007: ಒಂದೇ ವರ್ಷ, ಎರಡು ನೀತಿ

ನನಗೆ ನೆನಪಿರುವ ಹಾಗೆ ನಮ್ಮೂರಿನಲ್ಲಿ ಸಾರಾಯಿ ಪ್ಯಾಕೆಟ್ ಖಾಲಿಯಾಗಿ ಚರಂಡಿ ತುಂಬ ಬಿದ್ದಿರುತ್ತಿದ್ದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯ್ತು. ಅದೇ 2007ರಲ್ಲಿ ರಾಜ್ಯ ಸರ್ಕಾರ ‘ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ಯನ್ನೂ ತಂದಿತು. ಅದರ ಬೆನ್ನಿಗೇ ಒಂದು ಮಂಡಳಿ ಹುಟ್ಟಿತು. ಹೆಸರು ಕೇಳಿ: ‘ದ್ರಾಕ್ಷಾರಸ ಮಂಡಳಿ’. ಅದು ಇರೋದು ತೋಟಗಾರಿಕೆಯ ನೆರಳಿನಲ್ಲಿ. ಸಾರಾಯಿ, ಬ್ರಾಂಡಿ ಎಲ್ಲ ‘ಮದ್ಯ’, ಅಬಕಾರಿ ಇಲಾಖೆಯ ಕಣ್ಣಿಗೆ ಬೀಳುವಂಥದ್ದು. ವೈನ್ ಮಾತ್ರ ‘ರಸ’, ತೋಟದ ಹಣ್ಣಿನ ತಮ್ಮ.

ಬಡವರ ಕುಡಿತ ಸಾಮಾಜಿಕ ಪಿಡುಗು, ಉಳ್ಳವರ ಕುಡಿತ ಕೃಷಿ ಅಭಿವೃದ್ಧಿ. ಒಂದೇ ವರ್ಷ ಎರಡು ಕಡತಗಳಲ್ಲಿ ಈ ವ್ಯತ್ಯಾಸವನ್ನು ಸರ್ಕಾರವೇ ಬರೆದುಕೊಟ್ಟಿತು. ಸಾರಾಯಿ ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ವರ್ಷ ಹೋರಾಡಿದ ಹೆಣ್ಣುಮಕ್ಕಳ ಬೇಡಿಕೆ ಅದು. ಆದರೆ ಆಮೇಲೆ ಆದದ್ದೇನು? ಸಾರಾಯಿ ಕುಡಿಯುತ್ತಿದ್ದವರು ಕುಡಿಯೋದು ಬಿಡಲಿಲ್ಲ, ಅದಕ್ಕಿಂತ ದುಬಾರಿಯಾದ ಕ್ವಾರ್ಟರಿಗೆ ಬಂದರು. ಹಳ್ಳಿಯ ಕಿರಾಣಿ ಅಂಗಡಿ, ಚಿಲ್ಲರೆ ಗೂಡಂಗಡಿಯಲ್ಲೂ ಅದು ಸಿಗುತ್ತೆ ಅನ್ನೋ ದೂರು ಇವತ್ತಿಗೂ ನಿಂತಿಲ್ಲ.

2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರಲ್ಲ, ನೆನಪಿದೆಯಾ? ಹತ್ತಿರ ಹತ್ತಿರ 200 ಕಿಲೋಮೀಟರ್. ಅವರ ಕಾಲಿನ ಬೊಬ್ಬೆಗಳ ಫೋಟೋ ಶೇರ್ ಮಾಡಿದವರಲ್ಲಿ ನಾನೂ ಒಬ್ಬಳು. ಅದೇ ವಾರದ ಕೊನೆಯಲ್ಲಿ ಗೆಳತಿಯ ಬರ್ತ್‌ಡೇಗೆ ರೆಡ್ ವೈನ್ ಕುಡಿದವಳೂ ನಾನೇ. ಇದನ್ನು ತಪ್ಪೊಪ್ಪಿಗೆ ಅಂತ ಬರೆಯುತ್ತಿಲ್ಲ. ಆದರೆ ಆ ಎರಡು ಫೋಟೋಗಳೂ ಒಂದೇ ಫೋನಿನಲ್ಲಿ ಇದ್ದವು ಅನ್ನೋದನ್ನು ಮುಚ್ಚಿಟ್ಟು ವೈನ್ ಬಗ್ಗೆ ಬರೆಯೋಕೆ ನನಗೆ ಆಗಲ್ಲ.

ನಮ್ಮ ತಾತನ ಚಪ್ಪರ

ದೊಡ್ಡಬಳ್ಳಾಪುರ-ದೇವನಹಳ್ಳಿ ನಡುವಿನ ನಮ್ಮೂರಿನಲ್ಲಿ ತಾತನಿಗೆ ಒಂದೆಕರೆ ದ್ರಾಕ್ಷಿ ಇತ್ತು. ‘ಬೆಂಗಳೂರು ನೀಲಿ’. ಕಲ್ಲುಕಂಬ, ಮೇಲೆ ತಂತಿಯ ಚಪ್ಪರ, ಅದರಡಿ ನಡು ಬಗ್ಗಿಸಿಕೊಂಡು ಓಡಾಡುತ್ತಿದ್ದ ನಾವು. ವರ್ಷಕ್ಕೆ ಎರಡು ಫಸಲು ಕೊಡುವ, ದಪ್ಪ ಸಿಪ್ಪೆಯ, ಬೀಜದ, ಬಾಯಿಗಿಟ್ಟರೆ ಮೂಗಿಗೆ ಹೊಡೆಯುವಷ್ಟು ಘಮದ ಹಣ್ಣು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಳೆ ಇದು. ಜ್ಯೂಸಿಗೆ, ಜಾಮಿಗೆ, ಮತ್ತೆ ‘ಪೋರ್ಟ್’ ಅಂತ ಲೇಬಲ್ ಹಚ್ಚಿ ಮಾರುವ ಸಿಹಿ ವೈನಿಗೆ ಹೋಗುತ್ತದೆ.

ಅದೇ ಊರುಗಳ ಪಕ್ಕದಲ್ಲೇ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಳಿಗಳ ದ್ರಾಕ್ಷಿ ತೋಟಗಳೂ ಇವೆ. ಗ್ರೋವರ್ ಕಂಪನಿ 1980ರ ದಶಕದ ಕೊನೆಯಲ್ಲಿ ಅಲ್ಲಿ ಕ್ಯಾಬರ್ನೆ, ಶಿರಾಜ್ ನೆಟ್ಟು ಶುರು ಮಾಡಿದ ಮೇಲೆ ನಂದಿ ಕಣಿವೆ ವೈನ್ ಭೂಪಟಕ್ಕೆ ಬಂತು. ವಾರದ ಕೊನೆಗೆ ಜನ ಟೂರ್ ಹೋಗೋದು ಆ ತೋಟಗಳಿಗೆ. ತಾತನ ಚಪ್ಪರದಡಿ ಯಾರೂ ಸೆಲ್ಫಿ ತೆಗೆದುಕೊಳ್ಳಲಿಲ್ಲ. ದಲ್ಲಾಳಿ ಬಂದು ಒಂದು ರೇಟು ಹೇಳುತ್ತಿದ್ದ, ಮಳೆ ಬಂದರೆ ಆ ರೇಟೂ ಅರ್ಧ ಆಗುತ್ತಿತ್ತು. ಹಣ್ಣು ಬಳ್ಳಿಯಲ್ಲಿ ಕಾಯಲ್ಲ ಅನ್ನೋದು ದಲ್ಲಾಳಿಗೆ ಗೊತ್ತಿತ್ತು.

‘ವೈನ್ ಕುಡಿದರೆ ರೈತರಿಗೆ ಲಾಭ’ ಅನ್ನೋ ಮಾತನ್ನು ಹಾಗಾಗಿ ನಾನು ಸುಲಭವಾಗಿ ನಂಬಲ್ಲ. ಮಹಾರಾಷ್ಟ್ರದಲ್ಲಿ ಇದರ ಒಂದು ಪಾಠ ಇದೆ. ಅಲ್ಲಿ 2001ರಲ್ಲೇ ವೈನ್ ನೀತಿ ಬಂತು. ಕಾರ್ಖಾನೆಗಳ ಭರವಸೆ ನಂಬಿ ರೈತರು ವೈನ್ ತಳಿ ನೆಟ್ಟರು. 2008ರ ಜಾಗತಿಕ ಹಿಂಜರಿತ, ಮುಂಬೈ ದಾಳಿಯ ನಂತರ ಹೋಟೆಲುಗಳು ಖಾಲಿಯಾದವು, ವೈನ್ ಗೋದಾಮಿನಲ್ಲಿ ಉಳಿಯಿತು, ದೊಡ್ಡ ಕಂಪನಿಯೊಂದು ಮುಳುಗಿಹೋಯ್ತು. ವೈನ್ ದ್ರಾಕ್ಷಿ ಸಣ್ಣದು, ಹುಳಿ, ಬೀಜ ಜಾಸ್ತಿ. ಸಂತೆಯಲ್ಲಿ ತಿನ್ನೋ ಹಣ್ಣಾಗಿ ಮಾರೋಕಾಗಲ್ಲ. ಎಷ್ಟೋ ರೈತರು ಬಳ್ಳಿ ಕಿತ್ತು ಹಾಕಿದರು. ಮುಂದೆ 2022ರ ಜನವರಿಯಲ್ಲಿ ಅದೇ ರಾಜ್ಯದ ಸಂಪುಟ ಸೂಪರ್‌ಮಾರ್ಕೆಟುಗಳಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಾಗಲೂ ರೈತರ ಹೆಸರೇ ಮುಂದೆ ಬಂತು. ವೈನ್ ಬೇರೆ, ಮದ್ಯ ಬೇರೆ ಅಂತ ಆಗಿನ ಆಡಳಿತ ಪಕ್ಷದವರು ವಾದಿಸಿದರು. ವಿರೋಧ ಜೋರಾಯ್ತು, ವಿಷಯ ತಣ್ಣಗಾಯ್ತು. ರೈತನಿಗೆ ಕಿಲೋಗೆ ಎಷ್ಟು ಸಿಗಬೇಕು ಅನ್ನೋ ಚರ್ಚೆ ಮಾತ್ರ ಎರಡೂ ಕಡೆಯವರಿಂದ ಅಷ್ಟಾಗಿ ಕೇಳಿಬರಲಿಲ್ಲ.

ನಮ್ಮ ಕಡೆ ಇನ್ನೊಂದು ಕಥೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗಾಗಿ ನಡೆದ ಹೋರಾಟ ಈ ಓದುಗರಿಗೆ ಹೇಳಬೇಕಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಡುವಂತೆ ಮಾಡಿದ ಆ ಜನ ದ್ರಾಕ್ಷಿಯನ್ನೂ ಬೆಳೆಯುವವರು. ವಿಮಾನ ನಿಲ್ದಾಣದ ಸುತ್ತ ಲೇಔಟುಗಳು ಎದ್ದ ಹಾಗೆ ಚಪ್ಪರಗಳು ಇಳಿದವು. ನಮ್ಮ ತಾತನದ್ದೂ ಇಳಿಯಿತು. ಜಿಐ ಟ್ಯಾಗ್ ಹೆಸರನ್ನು ಉಳಿಸುತ್ತೆ. ನೆಲ ಉಳಿಸೋದು ಹೋರಾಟವೇ.

ಹಾಗಾದರೆ ಯಾವ ಬಾಟಲಿ?

ಇಷ್ಟೆಲ್ಲ ಓದಿಯೂ ‘ಶನಿವಾರಕ್ಕೆ ಏನು ತರಲಿ’ ಅಂತ ಕೇಳುವವರಿಗೆ, ಹಲವು ಬಾಟಲಿ ಹಾಳು ಮಾಡಿಕೊಂಡು ಕಲಿತದ್ದನ್ನು ಹೇಳುತ್ತೇನೆ. ಕರ್ನಾಟಕದಲ್ಲಿ ಮದ್ಯ ಕೊಳ್ಳೋಕೆ 21 ತುಂಬಿರಬೇಕು ಅನ್ನೋದು ಮೊದಲ ಮಾತು.

‘ಫಾರಿನ್’ ಮೋಹ ಬಿಡಿ. ಆಮದು ವೈನ್ ಮೇಲಿನ ಸುಂಕ ಮೂಲತಃ ಶೇ 150. 400 ರೂಪಾಯಿಯ ಬಾಟಲಿ ಬಂದರಿನಲ್ಲೇ ಸಾವಿರ ಆಗುತ್ತೆ. ಆಮೇಲೆ ರಾಜ್ಯದ ತೆರಿಗೆ, ಆಮದುದಾರನ ಲಾಭ, ಅಂಗಡಿಯವನ ಲಾಭ. ಅಂದರೆ ನೀವು 1,800 ಕೊಟ್ಟು ತರೋದು ಅಲ್ಲಿನ ಜನ ದಿನಾ ಊಟಕ್ಕೆ ಕುಡಿಯುವ ಸಾಧಾರಣ ವೈನ್. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಗೆ ಬಂತು. ಅದರಲ್ಲಿ ಸುಂಕ ಇಳಿದದ್ದು ಬಾಟಲಿಗೆ 5 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಆಮದು ಬೆಲೆಯ ವೈನಿಗೆ ಮಾತ್ರ: ಶೇ 150ರಿಂದ 100ಕ್ಕೆ, ಹತ್ತು ವರ್ಷದಲ್ಲಿ 50ಕ್ಕೆ. 15 ಡಾಲರಿಗಿಂತ ಮೇಲಿನದ್ದಕ್ಕೆ ಇನ್ನೂ ಹೆಚ್ಚು ರಿಯಾಯಿತಿ: ಮೊದಲೇ ಶೇ 75ಕ್ಕೆ, ಹತ್ತು ವರ್ಷದಲ್ಲಿ 25ಕ್ಕೆ. ಇಲ್ಲಿನ ಬೆಳೆಗಾರರಿಗೆ ಇದರಿಂದ ಒಂದಿಷ್ಟು ರಕ್ಷಣೆ ಸಿಕ್ಕಿದೆ, ಅದು ಒಳ್ಳೆಯದೇ. ಆದರೆ ‘ಮುಕ್ತ ವ್ಯಾಪಾರದಿಂದ ವೈನ್ ಅಗ್ಗ’ ಅಂತ ಬರುವ ಹೆಡ್‌ಲೈನುಗಳ ಅರ್ಥ ಇಷ್ಟೇ: ದುಬಾರಿ ವೈನ್ ಸ್ವಲ್ಪ ಕಡಿಮೆ ದುಬಾರಿ ಆಗುತ್ತದೆ. ಸಾವಿರದೊಳಗಿನ ಬಜೆಟ್ಟಿಗೆ ನಂದಿ, ನಾಸಿಕ್, ವಿಜಯಪುರ ಕಡೆಯ ವೈನೇ ಸರಿ.

ಬಾಟಲಿಯ ಬೆನ್ನು ಓದಿ. ಮುಂದಿನ ಲೇಬಲ್ ಜಾಹೀರಾತು, ಹಿಂದಿನದ್ದು ಮಾಹಿತಿ. ದ್ರಾಕ್ಷಿಯ ತಳಿ, ಎಲ್ಲಿಯದು, ಯಾವ ವರ್ಷದ್ದು, ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ನೋಡಿ. ನಮ್ಮಲ್ಲಿ ವೈನ್ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಕಡಿಮೆ ಬೆಲೆಯ ವೈಟ್ ವೈನ್ ಇಟ್ಟಷ್ಟೂ ಚೆನ್ನಾಗಾಗುತ್ತೆ ಅನ್ನೋದು ಸುಳ್ಳು. ಅದೇ ವರ್ಷದ್ದೋ ಹಿಂದಿನ ವರ್ಷದ್ದೋ ತನ್ನಿ. ಕಡಿಮೆ ಬೆಲೆಯ ರೆಡ್ ಎರಡು-ಮೂರು ವರ್ಷಕ್ಕಿಂತ ಹಳೆಯದಾದರೆ ಬಿಡಿ.

ಅಂಗಡಿ ನೋಡಿ ಕೊಳ್ಳಿ. ವೈನಿಗೆ ಸೆಖೆ, ಬೆಳಕು ಎರಡೂ ಆಗಲ್ಲ. ಬ್ರಾಂಡಿ ಬಿಸಿಲಲ್ಲಿ ನಿಂತರೂ ಬದುಕುತ್ತೆ, ವೈನ್ ಬದುಕಲ್ಲ. ಶೆಲ್ಫಿನ ಮೇಲಿನದ್ದು ಬೇಡ, ಒಳಗಿನ ಬಾಕ್ಸಿನಿಂದ ಕೊಡಿ ಅಂತ ಕೇಳಿ. ನನಗಂತೂ ಆ ಅಣ್ಣ ಎರಡನೇ ಸಲದಿಂದ ಕೇಳದೇ ಒಳಗಿನಿಂದ ತಂದುಕೊಡುತ್ತಾನೆ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಬಾಯಿ ಹತ್ತಿರ ಅಂಟಂಟಾಗಿ ಸೋರಿದ ಗುರುತಿದ್ದರೆ ಬೇಡ. ತಿರುಗಿಸುವ ಮುಚ್ಚಳ ಕೀಳು ಅನ್ನೋದು ಹಳೇ ಕಾಲದ ಮಾತು. ದಿನಬಳಕೆಯ ವೈನಿಗೆ ಅದೇ ವಾಸಿ, ಬಿರಡೆ ತೆಗೆಯೋ ಸ್ಕ್ರೂ ಖರ್ಚೂ ಇಲ್ಲ.

ನಮ್ಮ ಊಟಕ್ಕೆ ತಕ್ಕದ್ದು ತನ್ನಿ. ರುಚಿ ವಿವರಿಸೋಕೆ ನಮಗೆ ಫ್ರೆಂಚ್ ಪದ ಬೇಕಿಲ್ಲ. ಒಗರು, ಹುಳಿ, ಸಿಹಿ, ಘಾಟು ಸಾಕು. ರೆಡ್ ವೈನ್ ನಾಲಿಗೆ ಹಿಡಿಯುತ್ತಲ್ಲ, ಅದು ನೇರಳೆ ಹಣ್ಣಿನ ಒಗರು. ಸಾವಿನ್ಯಾನ್ ಬ್ಲಾಂಕ್ ಅನ್ನೋ ವೈಟ್ ಮೂಸಿದರೆ ಸೀಬೆಕಾಯಿ, ಹಸಿ ದೊಣ್ಣೆಮೆಣಸಿನಕಾಯಿ ನೆನಪಾಗುತ್ತೆ. ಒಗರು ಮತ್ತು ಆಲ್ಕೋಹಾಲ್ ಎರಡೂ ಖಾರವನ್ನು ಹೆಚ್ಚಿಸುತ್ತವೆ. ಹಾಗಾಗಿ ಮೆಣಸಿನಕಾಯಿ ಬಜ್ಜಿ, ಮೀನು ಫ್ರೈ, ಖಾರದ ಚಿಕನ್ ಜೊತೆ ಗಟ್ಟಿ ರೆಡ್ ಕುಡಿದರೆ ಬಾಯಿ ಉರಿಯೋದೇ ಜಾಸ್ತಿ. ಅದಕ್ಕೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಚೆನ್ನಾಗಿ ತಣಿಸಿ ಕುಡಿಯಿರಿ. ಶಿರಾಜ್ ರೆಡ್ ಮೆಣಸು ಹಾಕಿದ ಮಟನ್ ಚಾಪ್ಸಿಗೆ, ಹುರಿದ ಬದನೆಕಾಯಿಗೆ ಹೊಂದುತ್ತೆ. ‘ಡ್ರೈ’ ಅಂದರೆ ಸಿಹಿ ಇಲ್ಲದ್ದು, ಅಷ್ಟೇ.

ಪೋರ್ಟ್ ಅಂದರೆ ಮೂಗು ಮುರಿಯಬೇಡಿ, ಮೋಸವೂ ಹೋಗಬೇಡಿ. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗೋದು ಸಿಹಿ ವೈನ್. ಬೆಲೆ ಇನ್ನೂ ಕಡಿಮೆ. ಐಸ್ ಹಾಕಿ, ನಿಂಬೆ ಹಿಂಡಿ ಕುಡಿದರೆ ಖುಷಿಯಾಗಿಯೇ ಇರುತ್ತೆ. ಸಕ್ಕರೆ ಎಷ್ಟಿದೆ ಅನ್ನೋದು ತಲೆಯಲ್ಲಿರಲಿ. ‘ಕ್ಲಾಸ್’ ಇಲ್ಲ ಅಂತ ನಗುವವರು ಇದ್ದಾರೆ. ಅವರು ನಗೋದು ಆ ದ್ರಾಕ್ಷಿ ಬೆಳೆದವರ ಮೇಲೂ ಹೌದು.

ಗ್ಲಾಸು ಯಾವುದಾದರೂ ಆಗಲಿ, ತಣ್ಣಗಿರಲಿ. ರೆಡ್ ವೈನ್ ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಅಂತ ಹೇಳಿದವರ ರೂಮು ಏಪ್ರಿಲ್ ತಿಂಗಳ ಬೆಂಗಳೂರಿನದ್ದಲ್ಲ, ಕಲಬುರಗಿಯದ್ದಂತೂ ಅಲ್ಲವೇ ಅಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ತೆಗೆದ ಬಾಟಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು-ನಾಲ್ಕು ದಿನ ಇರುತ್ತೆ. ಹಾಗಾಗಿ ಒಂದೇ ರಾತ್ರಿ ಮುಗಿಸಬೇಕು ಅನ್ನೋ ಹಟ ಬೇಡ. ಒಬ್ಬರೇ ಇದ್ದರೆ 375 ಎಂಎಲ್ ಬಾಟಲಿ ಕೇಳಿ ನೋಡಿ.

ಒಂದು ಮಾತು ಮಾತ್ರ ನಂಬಬೇಡಿ: ‘ವೈನ್ ಹೃದಯಕ್ಕೆ ಒಳ್ಳೇದು’. ಆರೋಗ್ಯಕ್ಕೆ ಸುರಕ್ಷಿತವಾದ ಆಲ್ಕೋಹಾಲ್ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ಯಾನ್ಸರಿಗೆ ಕಾರಣವಾಗೋದು ಆಲ್ಕೋಹಾಲ್. ಅದು ದ್ರಾಕ್ಷಿಯಿಂದ ಬಂತೋ ಕಾಕಂಬಿಯಿಂದ ಬಂತೋ ಅಂತ ದೇಹ ನೋಡಲ್ಲ. ಖುಷಿಗೆ ಕುಡಿಯೋದಾದರೆ ಖುಷಿಗೆ ಅಂತಲೇ ಹೇಳೋಣ, ಔಷಧಿ ಅಂತ ಯಾಕೆ ನಾಟಕ?

ಅಮ್ಮನ ಪ್ರಶ್ನೆ

ಅಮ್ಮ ಊರಿಂದ ಬಂದಾಗ ಫ್ರಿಜ್ ತೆಗೆದಳು. “ಇದೇನೇ ಇದು, ಜ್ಯೂಸಾ?” ಅಂದಳು. ಸುಳ್ಳು ಹೇಳಬಹುದಿತ್ತು. ವೈನ್ ಕಣಮ್ಮ ಅಂದೆ. ಬಾಟಲಿ ಕೈಗೆ ತಗೊಂಡು ತಿರುಗಿಸಿ ನೋಡಿ, “ನಮ್ ಕಡೆ ಹಣ್ಣಾ?” ಅಂದಳು. ನಂದಿ ಕಡೇದು ಅಂದೆ. ಬೆಲೆ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಿಮ್ಮ ಮಾವ ಕುಡುದ್ರೆ ಕುಡುಕ ಅಂತಿದ್ರು. ನೀವ್ ಕುಡುದ್ರೆ ಏನಂತಾರೆ?”

ಮಾವ ಅಂದರೆ ಅವಳ ತಮ್ಮ. ದ್ರಾಕ್ಷಿ ತೋಟಗಳಲ್ಲೇ ಬಳ್ಳಿ ಸವರೋ, ಔಷಧಿ ಹೊಡೆಯೋ ಕೂಲಿ ಕೆಲಸ. ಮೊದಲು ಪ್ಯಾಕೆಟ್ ಸಾರಾಯಿ, 2007ರ ನಂತರ ಕ್ವಾರ್ಟರ್. ನಲವತ್ತೆರಡಕ್ಕೆ ಹೋದ. ಕೊನೆಯ ವರ್ಷ ಬಿಡಿಸೋಕೆ ಅಂತ ಕರೆದುಕೊಂಡು ಹೋಗಲು ಹತ್ತಿರದಲ್ಲಿ ಒಂದು ಜಾಗ ಇರಲಿಲ್ಲ. ಇದ್ದ ಖಾಸಗಿ ಕೇಂದ್ರದವರು ಕೇಳಿದ ದುಡ್ಡು ಅತ್ತೆ ಕೈಯಲ್ಲಿರಲಿಲ್ಲ. ಆದರೆ ಅಂಗಡಿ ಮಾತ್ರ ಮನೆಯಿಂದ ಹತ್ತು ಹೆಜ್ಜೆ.

ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಆ ದಿನ ಉತ್ತರ ಇರಲಿಲ್ಲ. ಕುಡಿಯೋದು ನನ್ನ ಸ್ವಾತಂತ್ರ್ಯ ಅಂತ ಹೇಳಬಹುದಿತ್ತು. ಹೆಣ್ಣುಮಗಳು ‘ವೈನ್ಸ್’ ಮುಂದೆ ನಿಂತರೆ ತಿರುಗಿ ನೋಡುವ ಬೀದಿಯಲ್ಲಿ ಅದು ಸಣ್ಣ ಮಾತೂ ಅಲ್ಲ. ಆದರೆ ಆ ಸ್ವಾತಂತ್ರ್ಯ ನನಗೆ ಸಿಕ್ಕಿದ್ದು ನನಗೆ ಸಂಬಳ ಇದೆ, ಬಾಡಿಗೆ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಬೇಡ ಅನ್ನಿಸಿದ ದಿನ ಬಾಟಲಿ ಮುಚ್ಚಿಡುವ ನೆಮ್ಮದಿ ಇದೆ ಅಂತ. ಮಾವನಿಗೆ ಇದ್ದದ್ದು ಬೀದಿ, ಮೈನೋವು ಮತ್ತು ಸರ್ಕಾರದ ಟಾರ್ಗೆಟ್.

ಹಾಗಂತ ನಾನು ಬಾಟಲಿ ಒಡೆದು ಹಾಕಲಿಲ್ಲ, ನೀವೂ ಒಡೆಯಿರಿ ಅನ್ನಲ್ಲ. ಸಂವಿಧಾನದ 47ನೇ ವಿಧಿ ಪಾನ ನಿಷೇಧದ ಮಾತಾಡುತ್ತೆ. ಪೂರ್ತಿ ನಿಷೇಧ ಹಾಕಿದ ಬಿಹಾರದಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರೂ, ಜೈಲು ಸೇರಿದವರೂ ಹೆಚ್ಚಾಗಿ ಬಡವರೇ ಅನ್ನೋದೂ ನಮ್ಮ ಕಣ್ಣ ಮುಂದಿದೆ. ಆದರೆ ನಿಷೇಧ ಬೇಡ ಅನ್ನುವ ನಮಗೆ ಉಳಿದ ಬೇಡಿಕೆಗಳನ್ನು ಜೋರಾಗಿ ಕೇಳುವ ಜವಾಬ್ದಾರಿ ಇದೆ.

ಅಬಕಾರಿ ವರಮಾನದ ಒಂದು ನಿಗದಿತ ಪಾಲು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ವ್ಯಸನಮುಕ್ತಿ ಚಿಕಿತ್ಸೆಗೆ ಹೋಗಬೇಕು. ಅದನ್ನು ಬಜೆಟ್ ಪುಸ್ತಕದಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ಊರಿಗೆ ಅಂಗಡಿ ಬೇಡ ಅಂತ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ತೀರ್ಮಾನಿಸಿದರೆ ಅದು ಕೊನೆಯ ಮಾತಾಗಬೇಕು. ಅಧಿಕಾರಿಗಳಿಗೆ ಮಾರಾಟದ ಗುರಿ ಕೊಡೋದು ನಿಲ್ಲಬೇಕು. ತೆರಿಗೆಯನ್ನು ಬೆಲೆಯ ಬದಲು ಆಲ್ಕೋಹಾಲ್ ಪ್ರಮಾಣದ ಮೇಲೆ ಹಾಕುವ ಚರ್ಚೆ ಬರಲಿ. ಆದರೆ ಅದರಿಂದ ವೈನ್, ಬಿಯರ್ ಅಗ್ಗವಾಗಿ ಕ್ವಾರ್ಟರ್ ದುಬಾರಿಯಾದರೆ ಹೊರೆ ಮತ್ತೆ ಮಾವನಂಥವರ ಮನೆಯ ಮೇಲೇ ಬೀಳುತ್ತೆ. ಚಿಕಿತ್ಸೆಯ ವ್ಯವಸ್ಥೆ ಮೊದಲು, ತೆರಿಗೆ ಬದಲಾವಣೆ ಆಮೇಲೆ. ಇನ್ನು ‘ರೈತರ ವೈನ್’ ಅಂತ ಹೇಳಿಕೊಳ್ಳುವ ಮಂಡಳಿ, ಕಾರ್ಖಾನೆಗಳು ದ್ರಾಕ್ಷಿಗೆ ಕಿಲೋಗೆ ಎಷ್ಟು ಕೊಟ್ಟರು ಅನ್ನೋದನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಲಿ. ಬಾಟಲಿಯ ಹಿಂದಿನ ಮಾಹಿತಿಯೂ ಕನ್ನಡದಲ್ಲಿರಲಿ.

ಮೊನ್ನೆ ಅಮ್ಮ ಫೋನ್ ಮಾಡಿದಾಗ, ಈ ಬರಹದಲ್ಲಿ ಮಾವನ ವಿಷಯ ಬರೆಯಲಾ ಅಂತ ಕೇಳಿದೆ. “ಬರಿ. ಕುಡುಕ ಅಂತ ಮಾತ್ರ ಬರೀಬೇಡ, ಅವ್ನ್ ಸವರಿದ್ ಬಳ್ಳೀಲಿ ಒಳ್ಳೇ ಗೊಂಚಲು ಬರೋದು, ಅದನ್ನೂ ಬರಿ” ಅಂದಳು. ಬರೆದಿದ್ದೇನೆ.